ತಾರಾಬಾಯಿ ಕೂತರೆ ನಡುಗುವ ಮೋಟಾರು

ಬೆಳಗಾವಿಯ ರವಿವಾರ ಪೇಟೆಯಲ್ಲಿ ತಾಮ್ರ-ಹಿತ್ತಾಳೆ ಪಾತ್ರೆಗಳ ಅಂಗಡಿ ಇಟ್ಟಿದ್ದ ಪಾರೀಸ ಚೌಗಲೆಗೆ ತನ್ನ ಕಿವಿಯ ಮೇಲೆ ಬಹಳ ಅಭಿಮಾನ. ಕೊಡವನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದರೆ ಸಾಕು, ಬೆಸುಗೆ ಎಲ್ಲಿ ಸೋತಿದೆ, ತಳ ಎಲ್ಲಿ ತೆಳುವಾಗಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಎದುರಿನ ಮನೆಯಲ್ಲಿ ಯಾರಾದರೂ ತಂಬಿಗೆ ಬೀಳಿಸಿದರೆ ಗಾದಿಯ ಮೇಲೆ ಕೂತಲ್ಲಿಂದಲೇ "ಕಂಠ ಹೋತು!" ಎಂದು ಕೂಗುತ್ತಿದ್ದ. ಅಂಥವನು ೧೯೨೭ರಲ್ಲಿ ಮುಂಬಯಿಯಿಂದ ಹೊಸ ಮೋಟಾರು ತರಿಸಿದ. ಅದು ಮನೆಗೆ ಬಂದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವನ ಕಿವಿ ಸಹಿಸಲಾರದ ಸದ್ದು ಮಾಡತೊಡಗಿತು.

ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ಏರು ಬಂದರೆ ಮಾತ್ರ ಮುಂದಿನಿಂದ ಟಕ್ ಟಕ್ ಟಕ್ ಎಂದು ಶುರುವಾಗುತ್ತಿತ್ತು. ಇದು ಒಂದು ರೋಗವಾದರೆ ಇನ್ನೊಂದು ನಡುಕ. ನಿಂತ ಗಾಡಿ ಹೊರಡುವಾಗ ಮೈತುಂಬ ಜ್ವರ ಬಂದಂತೆ ನಡುಗಿ, ಒಳಗಿದ್ದವರ ಹಲ್ಲಿಗೆ ಹಲ್ಲು ಬಡಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಪಾರೀಸ ಅಂಗಡಿಯ ಚಿಕ್ಕ ಮರದ ಸುತ್ತಿಗೆ ತಂದು ಬಾನೆಟ್ಟು, ಮಡ್‌ಗಾರ್ಡು, ದೀಪ, ಚಕ್ರದ ಕಡ್ಡಿ ಎಲ್ಲವನ್ನೂ ಬಡಿದು ಕೇಳಿದ. ಎಲ್ಲಿಯೂ ಸೀಳು ಸಿಗಲಿಲ್ಲ. ಎರಡು ದಿನ ಊಟ ರುಚಿಸಲಿಲ್ಲ.

"ಗಾಡಿ ಹೆದರೈತ್ರಿ ಸಾವ್ಕಾರ್ರ," ಎಂದ ಡ್ರೈವರ್ ಮಾಯಪ್ಪ. ಅವನು ಕುರಿಗಾರರ ಮನೆತನದವನು. ಕುರಿ ಬಿಟ್ಟು ದಂಡಿನ ಕ್ಯಾಂಪಿನ ಸಾಹೇಬನೊಬ್ಬನ ಬಳಿ ಮೋಟಾರು ಕಲಿತಿದ್ದ. ಆದರೂ ಮುಂಜಾನೆ ಬಾನೆಟ್ಟಿನ ಮೇಲೆ ಕೈಯಾಡಿಸಿ "ಹೋ ಹೋ" ಎಂದು ಸಮಾಧಾನ ಮಾಡದೆ ಹ್ಯಾಂಡಲ್ ತಿರುವುತ್ತಿರಲಿಲ್ಲ.

"ಯಾರಿಗಲೇ ಹೆದರತೈತಿ? ಕಬ್ಬಿಣ ಅದ ಅದು."

"ಅದ ತಿಳೀವಲ್ದರಿ," ಎಂದ ಮಾಯಪ್ಪ ನೆಲ ನೋಡುತ್ತ.

ಇಂಥ ಹೊತ್ತಿನಲ್ಲಿ ಮಗಳು ಕಾಂತಾಳನ್ನು ನೋಡಲು ನಂದಗಡದ ಪದ್ಮಾಕರ ಶೆಟ್ಟರು ಮಗ ಅಜಿತಕುಮಾರನನ್ನು ಕರೆದುಕೊಂಡು ಬರುವುದಾಗಿ ಹೇಳಿ ಕಳಿಸಿದರು. ಒಳ್ಳೆಯ ಮನೆತನ, ಹುಡುಗನೂ ಲಕ್ಷಣವಾಗಿದ್ದಾನೆ. ತೊಡಕು ಒಂದೇ. ಕಾಂತಾ ಹೈಸ್ಕೂಲಿನಲ್ಲಿ ಓದುತ್ತಿದ್ದಳು, ಮ್ಯಾಟ್ರಿಕ್ ಮುಗಿಸದೆ ಮದುವೆ ಬೇಡವೆನ್ನುತ್ತಿದ್ದಳು. ಶೆಟ್ಟರಿಗೆ ಈ ಚಳಿಗಾಲದಲ್ಲೇ ಸೊಸೆ ಬೇಕು. ನಡುವೆ ನಿಂತು ಶೆಟ್ಟರಿಗೆ ಎದುರಾಡುವ ಧೈರ್ಯ ಪಾರೀಸನಿಗಿರಲಿಲ್ಲ.

"ಖಾನಾಪುರಕ್ಕ ಹೋಗಿ ಅಕ್ಕಾರ್ನ ಕರಕೊಂಡು ಬರ್ರಿ," ಎಂದಳು ಹೆಂಡತಿ ರತ್ನಮಾಲಾ. "ಅವರಿಲ್ಲದ ಮಾತುಕತಿ ಆದ್ರ ನಾವು ಸಾಯೂತನಕ ಕೇಳಬೇಕಾಗತೈತಿ."

ಅಕ್ಕ ಎಂದರೆ ಪಾರೀಸನ ಅಕ್ಕ ತಾರಾಬಾಯಿ. ಬಿಳಿ ಸೀರೆ, ಬರಿಗಾಲು, ಸೂರ್ಯ ಮುಳುಗಿದ ಮೇಲೆ ಒಂದು ಹನಿ ನೀರೂ ಇಲ್ಲ. ಗಂಡ ತೀರಿಕೊಂಡ ಮೇಲೆ ಖಾನಾಪುರದ ಹೊಲಮನೆಗಳನ್ನು ಒಬ್ಬಳೇ ಆಳುತ್ತಿದ್ದಳು. ಪೇಟೆಯಲ್ಲಿ ಅವಳು ಎದುರಾದರೆ ಕಚೇರಿಯ ಶಿರಸ್ತೇದಾರರು ಬಿಸಿಲಿದ್ದರೂ ಛತ್ರಿ ಮಡಚುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಶೆಟ್ಟರು ಬರುವ ಮುನ್ನಾದಿನವೇ ಪಾರೀಸ ಮೋಟಾರಿನಲ್ಲಿ ಖಾನಾಪುರ ಮುಟ್ಟಿದ. ತಾರಾಬಾಯಿ ಬಸದಿಗೆ ಹೋಗಬೇಕೆಂದು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಮಾಯಪ್ಪ ಗೇರ್ ಹಾಕಿದ. ಮೋಟಾರು ಹಿಂದೆಂದೂ ನಡುಗದ ಹಾಗೆ ನಡುಗಿತು. ದೀಪಗಳು ಗಲಗಲ ಅಂದವು, ಬಾಗಿಲು ತಾನಾಗಿ ತೆರೆದು ಮುಚ್ಚಿತು, ಪಾರೀಸನ ಟೊಪ್ಪಿಗೆ ಮೂಗಿನ ಮೇಲೆ ಬಂತು.

"ಏನೋ ಪಾರೀಸ, ಮೋಟಾರು ತಂದೀಯೋ, ಜೋಳ ಕೇರೂ ಮೊರ ತಂದೀಯೋ?" ಎಂದಳು ತಾರಾಬಾಯಿ. ಇಳಿದು ನಡೆದುಕೊಂಡೇ ಬಸದಿಗೆ ಹೋದಳು.

ಪೇಟೆಯ ನಟ್ಟನಡುವೆ ಮೋಟಾರು ನಿಂತಿತು. ಜನ ಸೇರಿದರು. ಪಾರೀಸ ಬಾಯಿಬಿಟ್ಟು ರೋಗ ಹೇಳಿಕೊಂಡದ್ದೇ ತಪ್ಪಾಯಿತು, ಖಾನಾಪುರದಲ್ಲಿ ಮೋಟಾರು ವೈದ್ಯ ಅಲ್ಲದವನು ಒಬ್ಬನೂ ಇರಲಿಲ್ಲ. ಖರೇ ವೈದ್ಯರೊಬ್ಬರು ಬಂದು ರೇಡಿಯೇಟರಿನ ಮೇಲೆ ಅಂಗೈಯಿಟ್ಟು, ಸುಟ್ಟುಕೊಂಡು, "ಪಿತ್ತ ಏರೈತಿ, ತಂಪು ಕೊಡ್ರಿ" ಎಂದರು. ಭಜನೆಯ ಮೇಳದಲ್ಲಿ ತಬಲಾ ಬಾರಿಸುವ ಸಾತಪ್ಪ ಕಣ್ಣು ಮುಚ್ಚಿ ಕೇಳಿ, ಎಂಜಿನ್ನಿಗೆ ಕಾಯಿಲೆಯಿಲ್ಲ, ಆದರೆ ಮಾತ್ರೆ ಎಲ್ಲೋ ಒಂದು ತಪ್ಪುತ್ತಿದೆ ಎಂದ. ಗಾಡಿಗೆ ಭಾರ ತಡೆಯುವುದಿಲ್ಲ ಎಂದ ಇನ್ನೊಬ್ಬ. ಅದು ಎಲ್ಲರಿಗೂ ಸರಿಯೆನಿಸಿತು. ಯಾವ ಭಾರಕ್ಕೆ ಎಷ್ಟು ನಡುಗುತ್ತದೆಂದು ನೋಡಿಯೇ ಬಿಡೋಣ ಎಂದು ಪರೀಕ್ಷೆ ಶುರುವಾಯಿತು.

ಮೊದಲು ಬೆಲ್ಲದ ಪೆಂಟೆಗಳನ್ನು ಹೇರಿ ಮಲಪ್ರಭೆಯ ಸೇತುವೆತನಕ ಹೋಗಿ ಬಂದರು. ಸ್ವಲ್ಪ ನಡುಗಿತು. ಪೆಂಟೆ ಇಳಿಸಿ ಶಿರಸ್ತೇದಾರರನ್ನು ಕೂರಿಸಿದರು. ಅಷ್ಟೇ ನಡುಗಿತು. ಆಮೇಲೆ ಜವಳಿ ಅಂಗಡಿಯ ದಪ್ಪ ಸಾವಕಾರರು, ಅವರ ಬೀಗರು, ಸಂತೆಗೆ ಬಂದಿದ್ದ ಕಾಡವ್ವ ಎಂಬ ಮುದುಕಿ ಮತ್ತು ಅವಳ ಕೋಳಿ. ವೈದ್ಯರಿಗೆ ಎರಡು ಸಲ ನೋಡಿದರೇ ರೋಗ ಸ್ಪಷ್ಟವಾಗುವುದರಿಂದ ಅವರು ಎರಡು ಸಲ ಹೋಗಿಬಂದರು. ಊರಿನ ಅರ್ಧ ಜನ ತಪಾಸಣೆಯ ಹೆಸರಿನಲ್ಲಿ ಮೋಟಾರು ಹತ್ತಿಳಿದರು. ನಡುಕ ಒಬ್ಬರಿಗೂ ಹೆಚ್ಚಾಗಲಿಲ್ಲ, ಒಬ್ಬರಿಗೂ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ತಾರಾಬಾಯಿ ಬಸದಿಯಿಂದ ಮರಳಿದಳು. "ಅಕ್ಕಾರ, ನೀವೂ ಒಮ್ಮಿ ಕುಂದರ್ರಿ," ಎಂದು ಶಿರಸ್ತೇದಾರರು ಛತ್ರಿ ಮಡಚಿ ಬಿನ್ನವಿಸಿದರು. ಅವಳು ಕೂತಳು. ಬೆಲ್ಲದ ಒಂದು ಪೆಂಟೆಯಷ್ಟೂ ತೂಕವಿರದ ಹೆಂಗಸು. ಮೋಟಾರು ಮತ್ತೆ ಮೊರದಂತೆ ಕುಣಿಯಿತು.

ಎಲ್ಲರ ಮನಸ್ಸಿನಲ್ಲಿದ್ದುದನ್ನು ಕಾಡವ್ವ ಹೇಳಿಬಿಟ್ಟಳು: "ಗಾಡಿ ಅಕ್ಕಾಗ ಅಂಜತೈತಿ."

ಯಾರೂ ನಗಲಿಲ್ಲ. ಪಾರೀಸನೂ ನಗಲಿಲ್ಲ. ಅವನಿಗೆ ಅದು ಅಸಂಭವವೆನಿಸಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಬಾಗಿಲಲ್ಲಿ ನಿಂತರೆ ಅವನಿಗೂ ಹೀಗೇ ಆಗುತ್ತಿತ್ತು.

"ಕಬ್ಬಿಣಕ್ಕ ಅಂಜಿಕಿ ಇರೂದಿಲ್ಲ," ಎಂದು ಗುಂಪು ಸೀಳಿಕೊಂಡು ಬಂದ ಸಿದ್ದಪ್ಪ ಮಿಸ್ತ್ರಿ. ಅಕ್ಕಿ ಗಿರಣಿಯ ಎಂಜಿನ್ ನೋಡಿಕೊಳ್ಳುವ ಇವನಿಗೆ ಜಗತ್ತಿನಲ್ಲಿ ಅನುಮಾನವೆಂಬುದೇ ಇರಲಿಲ್ಲ. ಗಿರಣಿ ನಿಂತಾಗಲೂ ಅದು ನಿಲ್ಲಬೇಕಾದ ಹೊತ್ತಿಗೇ ನಿಂತಿದೆ ಎನ್ನುವ ಮನುಷ್ಯ. ಕಾಲ ಕೆಳಗಿನ ಹಲಗೆ ಕಿತ್ತು, ತಲೆ ಒಳಗಿಟ್ಟು ಬಹಳ ಹೊತ್ತು ಗುನುಗಿ ಹೊರಬಂದ. "ಎಂಜಿನ್ನಿನ ಜೋರು ಚಕ್ರಕ್ಕ ಕೊಡೂದು ಕ್ಲಚ್ಚು. ಬಟ್ಟಲದಾಗ ಬಟ್ಟಲ ಕುಂತಂಗ ಅದು. ನಡುವ ಒಂದು ಪಟ್ಟಿ ಐತಿ. ಅದು ಒಣಗಿ ಖಡಕ್ ರೊಟ್ಟಿ ಆಗೈತಿ. ಮೆಲ್ಲಕ ಹಿಡಿಯೂ ಬದಲಿ ಹಿಡದು ಬಿಟ್ಟು, ಹಿಡದು ಬಿಟ್ಟು ಮಾಡತೈತಿ. ಅದಕ್ಕ ನಡಕ."

ಬಟ್ಟಲೊಳಗೆ ಬಟ್ಟಲು ಎಂದದ್ದು ಪಾತ್ರೆ ವ್ಯಾಪಾರಿಗೆ ಥಟ್ಟನೆ ತಿಳಿಯಿತು. "ಪಟ್ಟಿ ಏನಂದ್ರಿ, ಅರಿವೀದೇನು?" ಎಂದು ಉತ್ಸಾಹದಿಂದ ಕೇಳಿದ.

"ಚರ್ಮದ್ದು. ಆಕಳ ಚರ್ಮ."

ಪಾರೀಸ ಅಲ್ಲೇ ಮೋಟಾರಿನ ಮೆಟ್ಟಿಲ ಮೇಲೆ ಕುಸಿದ. ಜೈನನಾಗಿ ಚರ್ಮ ಮೆಟ್ಟದೆ ಕ್ಯಾನ್ವಾಸ್ ಬೂಟು ಹಾಕುವ ಮನುಷ್ಯ ಅವನು. ಸೀಟುಗಳಿಗೆ ಚರ್ಮ ಬೇಡವೆಂದು ಮುಂಬಯಿಯವರೊಂದಿಗೆ ಜಗಳಾಡಿ ದಪ್ಪ ಬಟ್ಟೆಯದೇ ಮಾಡಿಸಿದ್ದ. ಗಾಡಿ ಬಂದ ದಿನ ಅದನ್ನು ಎಲ್ಲರಿಗೂ ಮುಟ್ಟಿ ಮುಟ್ಟಿ ತೋರಿಸಿದ್ದ. ಅದರ ಹೊಟ್ಟೆಯೊಳಗೇ ಹೀಗಿತ್ತು! ಮೆಲ್ಲನೆ ಕಣ್ಣೆತ್ತಿ ಅಕ್ಕನ ಮುಖ ನೋಡಿದ. ಪೇಟೆಗೆ ಪೇಟೆಯೇ ಅವಳ ಮುಖ ನೋಡುತ್ತಿತ್ತು. ಮಾಯಪ್ಪ ಮಾತ್ರ ಚಕ್ರದ ಹಿಂದೆ ಮರೆಯಾಗಿದ್ದ.

ತಾರಾಬಾಯಿ ವಿಚಾರ ಮಾಡಿದಳು. "ವ್ರತಾ ಹಿಡದಾಕಿ ನಾನು," ಎಂದಳು. "ನಾ ಚರ್ಮ ಮೆಟ್ಟೂದಿಲ್ಲ. ಮೆಟ್ಟಿದ್ದು ಮೋಟಾರು. ಮೋಟಾರು ಏನು ವ್ರತಾ ಹಿಡದೈತೇನು?"

"ಇಲ್ರಿ," ಎಂದರು ಶಿರಸ್ತೇದಾರರು, ಮೋಟಾರಿನ ಪರವಾಗಿ.

"ಮತ್ತ? ಮುಂದ ಏನು ಮಾಡಬೇಕು ಹೇಳೋ ಮಿಸ್ತ್ರಿ."

"ಚರ್ಮ ಮೆತ್ತಗ ಆಗಬೇಕಂದ್ರ ಇಂಗ್ರೇಜಿ ಸಾಹೇಬ್ರು ಆಕಳ ಗೊರಸು ಕುದಿಸಿದ ಎಣ್ಣಿ..." ಎಂದು ಶುರುಮಾಡಿದ ಸಿದ್ದಪ್ಪ. ತಾರಾಬಾಯಿ ಅವನ ಕಡೆ ತಿರುಗಿದಳು. "...ಹಚ್ಚತಾರ, ಮೂರ್ಖರು. ಔಡಲೆಣ್ಣಿನ ಖರೇ ಔಷಧ," ಎಂದು ಅದೇ ಉಸಿರಿನಲ್ಲಿ ಮುಗಿಸಿದ.

ತಾರಾಬಾಯಿಯ ಮನೆಯಿಂದ ಔಡಲೆಣ್ಣೆ ಬಂತು. ಸಿದ್ದಪ್ಪ ಕ್ಲಚ್ಚಿನ ಕಾಲ್ಮಣೆಯನ್ನು ಒತ್ತಿ ಹಿಡಿದು, ಅದು ಮೇಲೇಳದಂತೆ ಲಟ್ಟಣಿಗೆ ಅಡ್ಡ ಕೊಟ್ಟು, ಬಟ್ಟಲುಗಳ ನಡುವೆ ಎಣ್ಣೆ ಬಿಟ್ಟ. ಮರುದಿನ ಬೆಳಗಿನವರೆಗೆ ಚರ್ಮ ಕುಡಿಯಲಿ ಎಂದ. ಹೊಟ್ಟೆ ಕಟ್ಟಿದವರಿಗೂ ಇಷ್ಟು ಔಡಲೆಣ್ಣೆ ಕೊಟ್ಟಿದ್ದಿಲ್ಲ ಎಂದು ವೈದ್ಯರು ಮೆಚ್ಚಿಕೊಂಡರು.

ಬೆಳಿಗ್ಗೆ ಮಾಯಪ್ಪ ಪಾರೀಸನೊಬ್ಬನನ್ನೇ ಕೂರಿಸಿಕೊಂಡು ಸ್ಟೇಷನ್ನಿನ ತನಕ ಹೋಗಿ ಬಂದ. ದೋಣಿ ದಡ ಬಿಟ್ಟ ಹಾಗೆ ಗಾಡಿ ಹೊರಟಿತು. ನಡುಕದ ಸುಳಿವೂ ಇಲ್ಲ. ಸಿದ್ದಪ್ಪ ಕೈಕಟ್ಟಿ ನಿಂತು ಜನರ ಹೊಗಳಿಕೆ ಕೇಳಿಸಿಕೊಂಡ. ತಾರಾಬಾಯಿ ಗಂಟು ಹಿಡಿದು ಬಂದು ಹಿಂದೆ ಕೂತಳು. ಗಾಡಿ ಹೊರಟಿತು. ಗಲಗಲಗಲ. ಪಾರೀಸನ ಟೊಪ್ಪಿಗೆ ಮತ್ತೆ ಮೂಗಿನ ಮೇಲೆ.

"ನಾ ಹೇಳಲಿಲ್ಲೇನು?" ಎಂದಳು ಗುಂಪಿನಲ್ಲಿದ್ದ ಕಾಡವ್ವ.

ಪಾರೀಸ ಮೂಗಿನಿಂದಲೂ ಜಾರಿ ಬಿದ್ದ ಟೊಪ್ಪಿಗೆ ಎತ್ತಿಕೊಳ್ಳಲು ಮುಂದೆ ಬಗ್ಗಿದವನು ಹಾಗೇ ನಿಂತ. ಹಲಗೆಯನ್ನು ಸಿದ್ದಪ್ಪ ಇನ್ನೂ ಕೂರಿಸಿರಲಿಲ್ಲ, ಎಲ್ಲವೂ ಕಾಣುತ್ತಿತ್ತು. ಕ್ಲಚ್ಚು ಸುಮ್ಮನಿತ್ತು. ಅದರ ಮೇಲಿದ್ದ ಮಾಯಪ್ಪನ ಎಡಗಾಲು ತಟಪಟ ತಟಪಟ ನಡುಗುತ್ತಿತ್ತು. ಕಾಲು ನಡುಗಿದಂತೆ ಕಾಲ್ಮಣೆ, ಕಾಲ್ಮಣೆ ನಡುಗಿದಂತೆ ಗಾಡಿ.

"ಏನಲೇ ಇದು?"

ಮಾಯಪ್ಪ ಗಾಡಿ ನಿಲ್ಲಿಸಿ ಇಳಿದು ಕೈಮುಗಿದ. "ಅಕ್ಕಾರು ಹಿಂದ ಕುಂತ್ರ ನನ್ನ ಕುತ್ತಿಗಿ ಬಿಸಿ ಆಗತೈತ್ರಿ ಸಾವ್ಕಾರ್ರ. ಅಲ್ಲಿಂದ ಬೆನ್ನಿಗೆ ಇಳದು ಕಾಲಿಗೆ ಬರತೈತ್ರಿ. ನಾ ಏನು ಮಾಡಲಿ? ಅಕ್ಕಾರು ನನ್ನ ಕಾಲ ನೋಡಕೋತ ಕುಂತಿರ್ತಾರ!"

"ಹೂಂ, ನೋಡತೀನಿ," ಎಂದಳು ತಾರಾಬಾಯಿ. "ಯಾವ ಕಾಲು ಯಾವಾಗ ಒತ್ತತಿ, ಯಾವಾಗ ಬಿಡತಿ, ನೋಡಬಾರದೇನು? ಜೀವ ನಿನ್ನ ಕಾಲಾಗ ಇಟ್ಟು ಕುಂದರತೀನಿ."

ಅವಳನ್ನು ಮುಂದೆ ಕೂರಿಸಿ ನೋಡಿದರು. ಗಾಡಿ ಕಪ್ಪೆಯಂತೆ ಜಿಗಿದು ಜವಳಿ ಅಂಗಡಿಯ ಕಟ್ಟೆಗೆ ಮೂತಿ ಮುಟ್ಟಿಸಿ ನಿಂತಿತು. ಅವಳ ಮುಂದೆ ಪರದೆ ಕಟ್ಟಿ ನೋಡಿದರು. ಪರದೆಯ ಹಿಂದೆ ಏನು ಮಾಡುತ್ತಿದ್ದಾಳೋ ಎಂದು ಮಾಯಪ್ಪನ ಎರಡೂ ಕಾಲು ನಡುಗಿದವು. ಇದಕ್ಕೆ ಯಾವ ಎಣ್ಣೆ ಹಚ್ಚಬೇಕೆಂದು ಸಿದ್ದಪ್ಪನಿಗೂ ತಿಳಿಯಲಿಲ್ಲ, ಮನುಷ್ಯರ ರಿಪೇರಿ ತನ್ನದಲ್ಲ ಎಂದು ಗಿರಣಿಗೆ ಹೋದ. ರೈಲು ಆಗಲೇ ತಪ್ಪಿತ್ತು. ಸಂಜೆಯೊಳಗೆ ಬೆಳಗಾವಿ ಮುಟ್ಟಬೇಕು. ಪಾರೀಸನಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲ.

ತಾರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮಾಯಪ್ಪಾ, ಬಾಜು ಸರಿ."

"ಅಕ್ಕಾ!" ಎಂದ ಪಾರೀಸ.

"ಎತ್ತಿನ ಗಾಡಿ ಹೂಡಾಕ ನನಗ ಯಾರು ಕಲಿಸಿದ್ರು? ನೋಡಿ ಕಲತೆ. ಇದನ್ನೂ ನೋಡೀನಿ. ಬಂದು ಕುಂದ್ರು."

ಅವಳು ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟು, ಹಾಲಿನ ಪಾತ್ರೆ ಒಲೆಯಿಂದ ಇಳಿಸುವ ಹದದಲ್ಲಿ ಬಿಟ್ಟಳು. ಮೋಟಾರು ಒಂದು ಸಲವೂ ನಡುಗದೆ ಹೊರಟಿತು. ಖಾನಾಪುರದ ಪೇಟೆ ಎರಡೂ ಬದಿಗೆ ಸರಿದು ಬಾಯಿ ತೆರೆದು ನಿಂತಿತು. ಈಗ ನಡುಗುತ್ತಿದ್ದವನು ಹಿಂದೆ ಕೂತ ಪಾರೀಸ ಮಾತ್ರ. ಮಾಯಪ್ಪನ ಕಾಲುಗಳಿಗೆ ಕೆಲಸವೇ ಇಲ್ಲದ್ದರಿಂದ ಅವು ತಣ್ಣಗಿದ್ದವು. ಅವನ ಕೈಗೆ ಅವಳು ಹಾರ್ನಿನ ಭೋಂಗಾ ಕೊಟ್ಟಿದ್ದಳು.

"ಊದಕೋತ ಇರು. ಹಾದ್ಯಾಗ ಹುಳ ಹುಪ್ಪಡಿ ಇರತಾವ, ಬಾಜು ಸರೀಲಿ."

"ಹುಳಕ್ಕ ಕೇಳಸತೈತೇನ್ರಿ ಅಕ್ಕಾರ?"

"ಕೇಳಸಲಿಲ್ಲಂದ್ರ ಇನ್ನೂ ಜೋರಾಗಿ ಊದು."

ಮಾಯಪ್ಪ ಊದಿದ. ಖಾನಾಪುರದಿಂದ ಆಚೆ ದಾರಿಯುದ್ದಕ್ಕೂ ಭೋಂ ಭೋಂ ಎಂದು ಒಂದೇ ಸಮನೆ ಊದುತ್ತಲೇ ಇದ್ದ. ಗಣೇಬೈಲಿನ ಏರಿನ ನಡುವೆ ತಾರಾಬಾಯಿ ಥಟ್ಟನೆ ಗಾಡಿ ನಿಲ್ಲಿಸಿದಳು. ಕಟ್ಟಿರುವೆಗಳ ಸಾಲೊಂದು ರಸ್ತೆ ದಾಟುತ್ತಿತ್ತು. ಭೋಂಗಾ ಕೇಳಿಯೂ ಅವು ಅವಸರ ಮಾಡಲಿಲ್ಲ. ಎಲ್ಲರೂ ಕಾದರು. ಕೊನೆಯ ಇರುವೆ ಹುಲ್ಲು ಸೇರಿದ ಮೇಲೆ ಗಾಡಿ ಏರಿನಲ್ಲೇ ಹೊರಟಿತು, ಹೊರಟದ್ದೇ ಟಕ್ ಟಕ್ ಟಕ್ ಶುರುವಾಯಿತು.

"ಕೇಳಕ್ಕಾ, ಕೇಳು!" ಎಂದು ಪಾರೀಸ ಭಯ ಮರೆತು ಎದ್ದುನಿಂತ. "ಇದ ಆ ಸದ್ದು! ನಡಕ ಮಾಯಪ್ಪನ ಕಾಲಿಂದು ಆಗಿರಬಹುದು, ಇದು ಮಾತ್ರ ಒಳಗಿನ ಸೀಳು. ಇದರ ದನಿ ಕೇಳು, ತಳ ಒಡದ ಹಂಡೇದ್ದು..."

ತಾರಾಬಾಯಿಗೆ ಗಾಡಿ ತಿರುಗಿಸುವಾಗ ಸ್ಟೇರಿಂಗ್ ಚಕ್ರದ ಕೆಳಗಿದ್ದ ಸೌಟಿನಂಥ ಒಂದು ಹಿಡಿಕೆ ಬಳೆಯಿಲ್ಲದ ಕೈಗೆ ಮತ್ತೆ ಮತ್ತೆ ತಾಗುತ್ತಿತ್ತು. "ಏನಿದು ನಡುವ ಸುಡುಗಾಡು," ಎಂದು ಅದನ್ನು ಹಿಂದಕ್ಕೆ ನೂಕಿದಳು. ಸದ್ದು ನಿಂತಿತು.

ಪಾರೀಸ ನಿಂತೇ ಇದ್ದ. ಅವಳು ಅದನ್ನು ಮುಂದಕ್ಕೆ ತಂದಳು. ಟಕ್ ಟಕ್. ಹಿಂದಕ್ಕೆ ನೂಕಿದಳು. ಇಲ್ಲ.

"ಮಾಯಪ್ಪಾ, ಇದು ಎದಕ್ಕ?"

"ಎಂಜಿನ್ನಿಗೆ ಕಿಡಿ ಬೇಗ ಕೊಡೂದು, ತಡಾ ಮಾಡಿ ಕೊಡೂದು ಅದರಾಗ ಐತ್ರಿ. ಸಾಹೇಬ್ರು ಏರಿನ್ಯಾಗ ಹಿಂದ ತಗೀ ಅಂತಿದ್ರು. ಮುಂದ ಇದ್ರ ಗಾಡಿಗೆ ಧೈರ್ಯ ಇರತೈತಿ ಅಂತ ನಾ ಮುಂದ ಇಟ್ಟಿದ್ದೆ."

ಕಿಡಿ ಹೊತ್ತಿಗೆ ಮುಂಚೆ ಹಾರಿ ಏರಿನಲ್ಲಿ ಎಂಜಿನ್ನು ಬಡಿದುಕೊಳ್ಳುತ್ತಿತ್ತು, ಅಷ್ಟೇ. ಪಾರೀಸ ಮೆಲ್ಲನೆ ಕೂತ. ಸಂತೋಷವಾಗಬೇಕಿತ್ತು. ಆದರೆ ತಿಂಗಳುಗಟ್ಟಲೆ ಹಗಲೆಲ್ಲ ಕಿವಿಯಲ್ಲಿ ಸಾಕಿದ್ದ ರೋಗ ಒಂದು ಸೌಟಿನಿಂದ ಹೋಗಿಬಿಟ್ಟಿತಲ್ಲ ಎಂದು ಒಳಗೊಳಗೇ ಖಿನ್ನನಾದ.

ಪೀರನವಾಡಿಯ ಹತ್ತಿರ ಮುಂದೊಂದು ಕಮಾನು ಗಾಡಿ ಹೋಗುತ್ತಿತ್ತು. ಭೋಂಗಾದ ಸದ್ದಿಗೆ ಎತ್ತುಗಳು ಬೆದರಿ, ರಸ್ತೆ ಬಿಟ್ಟು ಭತ್ತದ ಗದ್ದೆಗಿಳಿದವು. ಗಾಲಿ ನಡುವಿನ ಗುಂಬದ ತನಕ ಕೆಸರಲ್ಲಿ ಹೂತಿತು. ಒಳಗಿಂದ ಜರಿಯ ರುಮಾಲಿನ ಒಬ್ಬ ಹಿರಿಯರೂ ಒಬ್ಬ ತರುಣನೂ ಇಳಿದು ಬಂದರು. ಪಾರೀಸ ಕೈಯಿಂದ ಮುಖ ಮುಚ್ಚಿಕೊಂಡ. ನಂದಗಡದ ಪದ್ಮಾಕರ ಶೆಟ್ಟರು, ಮಗ ಅಜಿತಕುಮಾರ.

"ಯಾವನ ಅವನು, ಭೋಂಗಾ ಊದಾವ?" ಎಂದು ಗುಡುಗಿದ ಶೆಟ್ಟರು ಚಕ್ರ ಹಿಡಿದು ಕೂತ ಬಿಳಿಸೀರೆಯವಳನ್ನು ಕಂಡು ರುಮಾಲು ಸರಿಮಾಡಿಕೊಂಡರು.

"ನಾ ಕಾಂತಾನ ಸೋದರತ್ತಿ. ನಿಮ್ಮ ಸಲುವಾಗಿನ ಹೊಂಟೀನಿ. ಹತ್ತರಿ," ಎಂದಳು ತಾರಾಬಾಯಿ.

ಹತ್ತದೆ ಬೇರೆ ದಾರಿಯಿರಲಿಲ್ಲ. ಗಾಡಿಯವನು ಎತ್ತು ಮೇಲಕ್ಕೆ ತರಲು ಉಳಿದ. ಶೆಟ್ಟರು ಪಾರೀಸನ ಪಕ್ಕ ಕೂತು, ಹೆಣ್ಣುಮಗಳು ನಡೆಸುವ ಮೋಟಾರೇ ಎಂದು ಇನ್ನೂ ಕೇಳುತ್ತಿರುವಾಗಲೇ ಇಳಿಜಾರು ಬಂತು. ಮಾತನಾಡುವಾಗ ಎದುರಿನವರ ಮುಖ ನೋಡಿ ಮಾತನಾಡುವುದು ತಾರಾಬಾಯಿಯ ಅಭ್ಯಾಸ. ಅವಳು ಪೂರ್ತಿ ಹಿಂದಕ್ಕೆ ತಿರುಗಿದಳು.

"ನಮ್ಮ ಹುಡುಗಿ ಮ್ಯಾಟ್ರಿಕ್ ಮುಗಿಸಬೇಕಂತಾಳ. ನಿಮ್ಮದೇನು ಮಾತು ಶೆಟ್ಟರ?"

"ಅಕ್ಕಾರ, ಮುಂದ ಎಮ್ಮಿ!"

"ಎಮ್ಮಿ ಸರೀತೈತಿ, ಮಾಯಪ್ಪ ಊದತಾನ. ಸಾಲಿದು ಹೇಳ್ರಿ."

"ಕಲೀಲಿ! ಕಲೀಲಿ ಅಂದ್ನಲ್ಲ! ಮುಂದ ನೋಡ್ರಿ!"

ಅವಳು ಮುಂದೆ ನೋಡಿದಳು, ಎಮ್ಮೆಯನ್ನು ಬಳಸಿ ದಾಟಿದಳು, ಮತ್ತೆ ತಿರುಗಿದಳು. "ಮುಗಿಯೂತನಕ ಮದಿವಿ ಗಡಿಬಿಡಿ ಇಲ್ಲ, ಹೌದಲ್ರಿ?"

"ಇಲ್ಲ! ಏನೂ ಗಡಿಬಿಡಿ ಇಲ್ಲ!" ಎಂದರು ಶೆಟ್ಟರು, ಪಾರೀಸನ ತೊಡೆಯನ್ನು ಬಿಗಿಯಾಗಿ ಹಿಡಿದು. "ಸಾವಕಾಶ ಆಗಲಿ! ಎಲ್ಲಾ ಸಾವಕಾಶ!"

"ಹುಡುಗಂದು ಏನು?"

ಅಜಿತಕುಮಾರ ಮಾತ್ರ ಮುಂದಕ್ಕೆ ಬಾಗಿ, ಅವಳ ಪಾದ ಕ್ಲಚ್ಚು ಬಿಡುವ ಬಗೆಯನ್ನೇ ನೋಡುತ್ತಿದ್ದ. "ಅತ್ತೀ, ನನಗೂ ಕಲಸ್ತೀರೇನ್ರಿ?" ಎಂದ.

"ಮದಲ ಆಕಿಗೆ," ಎಂದಳು ತಾರಾಬಾಯಿ.

ರವಿವಾರ ಪೇಟೆಯ ಮನೆ ಮುಟ್ಟುವಷ್ಟರಲ್ಲಿ ಮಾತುಕತೆಗೆ ಉಳಿದ ವಿಷಯವೇ ಇರಲಿಲ್ಲ. ರತ್ನಮಾಲಾ ಆರತಿ ತಂದಳು. ಶೆಟ್ಟರು ಇಳಿದವರು ಮನೆಯ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತರು. ಪಡಸಾಲೆಯಲ್ಲಿ ಅವರ ಎದುರಿಗಿಟ್ಟ ಅವಲಕ್ಕಿಗೆ ಕೈ ಹಾಕುವ ಮೊದಲೇ, ಬಾಗಿಲ ಸಂದಿಯಲ್ಲಿ ನಿಂತಿದ್ದ ಕಾಂತಾಳ ಕಡೆ ನೋಡಿ, "ತಂಗೀ, ಮ್ಯಾಟ್ರಿಕ್ ಆದ ಮ್ಯಾಲ ಇನ್ನೇನರ ಕಲಿಯೂದಿದ್ರೂ ಕಲಿಯವ್ವಾ," ಎಂದರು. ಕಾಂತಾಳಿಗೆ ಇದೇನು ಹೊಸ ರೀತಿಯೆಂದು ತಿಳಿಯಲಿಲ್ಲ. ಅಂಗಳದಲ್ಲಿ ಅಜಿತಕುಮಾರ ಮಾಯಪ್ಪನಿಂದ ಸೌಟಿನಂಥ ಹಿಡಿಕೆಯ ವಿಚಾರ ಕೇಳುತ್ತ ನಿಂತದ್ದು ಕಂಡು ಅವಳೂ ಹೊರಗೆ ಹೋದಳು.

ಮೋಟಾರು ತಾರಾಬಾಯಿಯೊಂದಿಗೆ ಖಾನಾಪುರಕ್ಕೆ ಹೋದದ್ದು ಮರಳಿ ಬರಲಿಲ್ಲ. ಕೊಡು ಎಂದು ಕೇಳಲು ಪಾರೀಸನಿಗೆ ಬಾಯಿ ಬರಲಿಲ್ಲ. ಅವನು ಒಂದು ಟಾಂಗಾ ಇಟ್ಟುಕೊಂಡ. ಅವಳು ಕಣಕುಂಬಿಯ ಘಟ್ಟದ ತನಕ ಓಡಾಡುತ್ತಿದ್ದಳು, ಪಕ್ಕದಲ್ಲಿ ಮಾಯಪ್ಪ ಊದುತ್ತಿದ್ದ. ಕಾಂತಾ ಮ್ಯಾಟ್ರಿಕ್ ಪಾಸಾದ ಮೇಲೆ ಬೆಳಗಾವಿಯಲ್ಲೇ ಮದುವೆಯಾಯಿತು. ಗಂಡಿನ ಕಡೆಯವರನ್ನು ಕರೆತರಲು ತಾರಾಬಾಯಿ ತಾನೇ ನಂದಗಡಕ್ಕೆ ಹೋದಳು. ಎಲ್ಲರೂ ಹತ್ತಿದರು. ಪದ್ಮಾಕರ ಶೆಟ್ಟರು ಮಾತ್ರ ಬೆಳಗ್ಗೆಯೇ ಎದ್ದು, ಯಾರಿಗೂ ಹೇಳದೆ ಖಾನಾಪುರ ಸ್ಟೇಷನ್ನಿಗೆ ನಡೆದುಹೋಗಿ, ರೈಲು ಹತ್ತಿ ಕೂತಿದ್ದರು.